ಎಂಜಿನ್ನಿಗೊಂದು ಗುಟುಕು ಮದ್ಯಸಾರ

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್ ಎಂದ ಕೂಡಲೇ ಹಲವರಿಗೆ ನೆನಪಾಗುವುದು ಅಲ್ಲಿನ ಎತ್ತರದ ವೀರಾಂಜನೇಯ ವಿಗ್ರಹ. ಅದು ವಸತಿ ಬಡಾವಣೆ. ಆದರೆ ಅದರ ನೆರೆಹೊರೆಯೆಲ್ಲ ಯಂತ್ರಗಳದು. ಒಂದು ಮಗ್ಗುಲಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶ, ಇನ್ನೊಂದು ಮಗ್ಗುಲಲ್ಲಿ ಯಶವಂತಪುರ, ತುಮಕೂರು ರಸ್ತೆ ಹಿಡಿದು ಮುಂದೆ ಹೋದರೆ ಪೀಣ್ಯ. ಲೇತ್ ಯಂತ್ರದ ಮುಂದೆ ನಿಂತು ಹಿತ್ತಾಳೆಯ ಒಂದು ತುಣುಕನ್ನು ಕೂದಲೆಳೆಯ ಅಳತೆಗೆ ಕಡೆಯಬಲ್ಲ ಕುಶಲಕರ್ಮಿಗಳು ಈ ಭಾಗದಲ್ಲಿ ತಲೆಮಾರುಗಳಿಂದ ಇದ್ದಾರೆ. ಬೇಕಾದ ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದೆ, ಪಂಪು, ವೈರು, ಸ್ವಿಚ್ಚುಗಳಿಗೆ ಎಸ್.ಪಿ. ರಸ್ತೆ ಇದೆ. ಕಾರಿನ ಮೇಲೆ ಪ್ರೀತಿ ಇರುವ ಯುವಕನೊಬ್ಬ ಮನೆಯಲ್ಲೇ ಏನಾದರೂ ಮಾಡಿ ನೋಡಬೇಕೆಂದು ಹೊರಟರೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ.

ಹಾಗೆ ಹೊರಟವರನ್ನು ಜಗತ್ತಿನಾದ್ಯಂತ ಸೆಳೆದಿರುವ ಒಂದು ಸಾಧನವೆಂದರೆ ಟರ್ಬೊ ಕಾರಿಗೆ ಅಳವಡಿಸುವ ಆಲ್ಕೊಹಾಲ್ ಇಂಜೆಕ್ಷನ್. ಹೆಸರು ದೊಡ್ಡದು, ಸಾಮಗ್ರಿ ಸಣ್ಣದು. ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಪುಟ್ಟ ಪಂಪು, ಒಂದು ಸ್ವಿಚ್ಚು, ಸೂಜಿಮೊನೆಯಷ್ಟು ರಂಧ್ರವಿರುವ ಒಂದು ನಾಝಲ್. ಎಂಜಿನ್ ಪೂರ್ಣ ಬಲದಿಂದ ಓಡುವ ಕೆಲವು ಕ್ಷಣಗಳಲ್ಲಿ ಮಾತ್ರ ನೀರು ಮತ್ತು ಮದ್ಯಸಾರದ ಮಿಶ್ರಣವನ್ನು ಅದರ ಗಾಳಿಕೊಳವೆಗೆ ತುಂತುರಾಗಿ ಚಿಮ್ಮಿಸುವುದಷ್ಟೇ ಇದರ ಕೆಲಸ. ಈ ಹಂಚಿಕೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದೆರಡು ಎಳೆಗಳು ಕರ್ನಾಟಕದ ಮೂಲಕವೂ ಹಾದುಹೋಗಿವೆ. ಅದನ್ನು ಹಿಂಬಾಲಿಸಿದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಆ ಡಬ್ಬಿಯನ್ನು ನೋಡಿಕೊಳ್ಳುವವರು ಯಾರು?

ಬಿಸಿ ಗಾಳಿಯ ಕಾಟ

ಎಂಜಿನ್ನಿನ ಬಲ ಅದು ಸುಡುವ ಇಂಧನವನ್ನು ಅವಲಂಬಿಸಿದೆ. ಇಂಧನ ಸುಡಲು ಗಾಳಿ ಬೇಕು. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಸುಡಬಹುದು, ಹೆಚ್ಚು ಬಲ ಪಡೆಯಬಹುದು. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಮಾಡಿದ. ಅದೇ ಟರ್ಬೊಚಾರ್ಜರ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಮೊದಲು ಇದರ ಬೆಲೆ ಅರಿತವರು ವಿಮಾನದವರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಎಂಬ ಬೆಟ್ಟದ ಮೇಲೆ ಸಾಗಿಸಿ, ಅಲ್ಲಿ ಟರ್ಬೊ ಜೋಡಿಸಿ ಪರೀಕ್ಷೆ ಮಾಡಿದ. ಬೆಂಗಳೂರಿಗೂ ಈ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ.

ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ತುದಿ ಬಿಸಿಯಾಗುವುದು ಗೊತ್ತು. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಟರ್ಬೊ ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ 120 ಡಿಗ್ರಿಯ ಆಸುಪಾಸಿಗೆ ಏರಬಹುದು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಆದ್ದರಿಂದ ಒತ್ತಿದ ಲಾಭ ಒಂದಷ್ಟು ಕೈಬಿಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಿಲಿಂಡರಿನೊಳಗೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ತನ್ನ ಬಿಸಿಗೆ ತಾನೇ ಹೊತ್ತಿಕೊಂಡು ಸ್ಫೋಟಿಸುತ್ತದೆ. ಸುತ್ತಿಗೆಯಿಂದ ಲೋಹವನ್ನು ಕುಟ್ಟಿದಂತೆ ಸದ್ದು ಬರುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ‘ನಾಕಿಂಗ್’ ಎನ್ನುವುದು. ಸಾಮಾನ್ಯ ಎಂಜಿನ್ನು ಒಂದಿಷ್ಟು ನಾಕಿಂಗ್ ತಡೆದುಕೊಳ್ಳಬಹುದು. ಟರ್ಬೊ ಎಂಜಿನ್ನು ಪೂರ್ಣ ಬಲದಲ್ಲಿದ್ದಾಗ ಇದು ಜೋರಾದರೆ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಒಡೆಯಬಹುದು, ಕರಗಿ ತೂತು ಬೀಳಬಹುದು.

ಇದಕ್ಕೆ ಮದ್ದೆಂದರೆ ತಂಪು. ಕಾರಿನ ಮೂತಿಯಲ್ಲಿ ಕೂರಿಸುವ ಇಂಟರ್‌ಕೂಲರ್ ಒಂದು ದಾರಿ, ಅದು ಬಿಸಿಗಾಳಿಯನ್ನು ಹೊರಗಿನ ಗಾಳಿಯಿಂದ ತಣಿಸುತ್ತದೆ. ಇನ್ನೊಂದು ದಾರಿ ನಮ್ಮ ಮನೆಗಳ ಮಣ್ಣಿನ ಹೂಜಿಯದು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಸೂಜಿ ಚುಚ್ಚುವ ಮುನ್ನ ನರ್ಸ್ ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗೆನಿಸುವುದೂ ಇದೇ ಕಾರಣಕ್ಕೆ. ಒಂದು ಕಿಲೊಗ್ರಾಂ ನೀರು ಆವಿಯಾಗಲು ಸುಮಾರು 2,260 ಕಿಲೊಜೂಲ್ ಶಾಖ ಬೇಕು. ಮೆಥನಾಲ್ ಎಂಬ ಮದ್ಯಸಾರಕ್ಕೆ ಸುಮಾರು 1,100, ಪೆಟ್ರೋಲಿಗೆ ಸುಮಾರು 350 ಮಾತ್ರ. ಶಾಖ ಹೀರುವುದರಲ್ಲಿ ನೀರೇ ಮೇಲು. ಆದರೆ ಮದ್ಯಸಾರ ಬೇಗ ಆವಿಯಾಗುತ್ತದೆ, ತಾನೂ ಇಂಧನವಾಗಿ ಉರಿಯುತ್ತದೆ, ನಾಕಿಂಗನ್ನು ತಡೆಯುತ್ತದೆ, ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ಹೀಗಾಗಿ ಎರಡನ್ನೂ ಸಮಸಮವಾಗಿ ಬೆರೆಸುವ ರೂಢಿ ಬಂತು.

ನೀರು ಚಿಮ್ಮಿಸುವ ಯೋಚನೆ ಟರ್ಬೊಗಿಂತಲೂ ಹಳೆಯದು. ಹಂಗೇರಿಯ ಡೊನಾಟ್ ಬಾಂಕಿ 1890ರ ದಶಕದಲ್ಲೇ ತನ್ನ ಎಂಜಿನ್ನಿಗೆ ನೀರನ್ನು ಸಿಂಪಡಿಸಿ, ಅಂದಿನ ಇತರ ಎಂಜಿನ್ನುಗಳಿಗೆ ಸಾಧ್ಯವಿಲ್ಲದ ಸಂಪೀಡನವನ್ನು ಸಾಧಿಸಿದ್ದ. ಆದರೆ ಮೋಟಾರು ಉದ್ಯಮ ಬೇರೊಂದು ದಾರಿ ಹಿಡಿಯಿತು. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಚಿಟಿಕೆಯಷ್ಟು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡರು. ಮದ್ಯಸಾರಕ್ಕೂ ಅದೇ ಗುಣವಿದೆಯೆಂದು ಅವರಿಗೆ ಗೊತ್ತಿತ್ತು. ಗೆದ್ದದ್ದು ಅಗ್ಗದ ಸೀಸ. ಆ ವಿಷವನ್ನು ಪೆಟ್ರೋಲಿನಿಂದ ಪೂರ್ತಿ ತೆಗೆಯಲು ಭಾರತ 2000ದವರೆಗೆ ಕಾಯಬೇಕಾಯಿತು.

ಯುದ್ಧಕಾಲದ ಹತ್ತು ನಿಮಿಷ

ನೀರು-ಮದ್ಯಸಾರದ ಹಂಚಿಕೆಗೆ ಬಲ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಶತ್ರು ಬೆನ್ನಟ್ಟಿದಾಗ ಪೈಲಟ್‌ಗೆ ಕೆಲವು ನಿಮಿಷಗಳ ಮಟ್ಟಿಗಾದರೂ ಹೆಚ್ಚಿನ ಬಲ ಬೇಕಿತ್ತು. ಅಮೆರಿಕದ ಪಿ-47 ಥಂಡರ್‌ಬೋಲ್ಟ್ ವಿಮಾನದ 2,000 ಅಶ್ವಶಕ್ತಿಯ ಟರ್ಬೊ ಎಂಜಿನ್ನು ನೀರಿನ ತುಂತುರಿನ ನೆರವಿನಿಂದ 2,300 ಅಶ್ವಶಕ್ತಿ ಕೊಟ್ಟಿತು. ಜರ್ಮನ್ನರು ತಮ್ಮ ಮಿಶ್ರಣಕ್ಕೆ ‘ಎಂಡಬ್ಲ್ಯು 50’ ಎಂದು ಹೆಸರಿಟ್ಟರು. ಅರ್ಧ ಮೆಥನಾಲ್, ಉಳಿದರ್ಧ ನೀರು, ತುಕ್ಕು ಹಿಡಿಯದಂತೆ ಸ್ವಲ್ಪ ಎಣ್ಣೆ. ಮೆಸ್ಸರ್‌ಷ್ಮಿಟ್ 109 ವಿಮಾನದ ಪೈಲಟ್ ಇದನ್ನು ಒಮ್ಮೆಗೆ ಹೆಚ್ಚೆಂದರೆ 10 ನಿಮಿಷ ಬಳಸಬಹುದಿತ್ತು. ಆಮೇಲೆ ಎಂಜಿನ್ನಿಗೆ ವಿರಾಮ ಕೊಡಬೇಕಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಯುದ್ಧವಿಮಾನದ ಈ ಸಾಧನ ನಂಬಿಕೆಗೆ ಅರ್ಹವಾಗಿದ್ದುದಕ್ಕೆ ಕಾರಣ ಅದರ ಪಂಪು, ಕವಾಟಗಳಷ್ಟೇ ಅಲ್ಲ. ಪ್ರತಿ ಹಾರಾಟಕ್ಕೂ ಮುನ್ನ ತೊಟ್ಟಿ ತುಂಬಿಸುವ ನೆಲದ ಸಿಬ್ಬಂದಿ ಇದ್ದರು. ತುಂಬಿದೆಯೇ ಎಂದು ಪಟ್ಟಿ ಹಿಡಿದು ನೋಡುವವರಿದ್ದರು. ಎಷ್ಟು ಹೊತ್ತು ಬಳಸಬಹುದೆಂಬ ಲಿಖಿತ ನಿಯಮವಿತ್ತು. ಸಾಧನದ ಅರ್ಧ ಭಾಗ ಲೋಹದ್ದಾದರೆ, ಇನ್ನರ್ಧ ಮನುಷ್ಯರ ಶಿಸ್ತಿನದಾಗಿತ್ತು.

ಬೆಂಗಳೂರಿಗೆ ಟರ್ಬೊ ಎಂಜಿನ್ನುಗಳ ಪರಿಚಯವಾದದ್ದೂ ವಿಮಾನಗಳ ಮೂಲಕವೇ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಉಸ್ತುವಾರಿಗೆ ಹೋಗಿ, ಯುದ್ಧ ಮುಗಿಯುವತನಕ ವಿಮಾನ ಮತ್ತು ಎಂಜಿನ್ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಯುದ್ಧಾನಂತರದ ಕಥೆ ಇನ್ನೂ ಸ್ವಾರಸ್ಯದ್ದು. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ತಂದು, ಸಂಪೂರ್ಣ ನವೀಕರಿಸಿ 1948ರಿಂದ ಭಾರತೀಯ ವಾಯುಪಡೆಗೆ ಕೊಟ್ಟವರು ಈ ಕಾರ್ಖಾನೆಯ ಕೆಲಸಗಾರರು. ಲಿಬರೇಟರಿನ ನಾಲ್ಕು ಎಂಜಿನ್ನುಗಳಿಗೂ ಹೊಗೆಯಿಂದ ತಿರುಗುವ ಟರ್ಬೊಗಳಿದ್ದವು. ನಮ್ಮ ರಸ್ತೆಗಳಲ್ಲಿ ಟರ್ಬೊ ಪೆಟ್ರೋಲ್ ಕಾರು ಮಾಮೂಲಾಗುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಬೆಂಗಳೂರಿನ ಕೈಗಳು ಟರ್ಬೊ ಬಿಚ್ಚಿ ಜೋಡಿಸಿದ್ದವು.

ಮೆಥನಾಲ್ ಬೆರೆತ ನೀರು ಕೂಡ ಇದೇ ದಾರಿಯಲ್ಲಿ ಬಂತು. ಇಂಡಿಯನ್ ಏರ್‌ಲೈನ್ಸ್ ಬಳಸಿದ ವೈಕೌಂಟ್, ಫೋಕರ್ ಫ್ರೆಂಡ್‌ಶಿಪ್, ಕಾನ್ಪುರದಲ್ಲಿ ತಯಾರಾದ ಆವ್ರೊ 748, ಈ ಮೂರಕ್ಕೂ ಇದ್ದದ್ದು ರೋಲ್ಸ್ ರಾಯ್ಸ್ ವಿನ್ಯಾಸದ ಡಾರ್ಟ್ ಎಂಜಿನ್ನು. ಆವ್ರೊಗಳ ಡಾರ್ಟ್ ಎಂಜಿನ್ನುಗಳ ಕೆಲಸ ನಡೆದದ್ದು ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ. ಬೇಸಿಗೆಯ ಮಧ್ಯಾಹ್ನ, ಎತ್ತರದ ಊರಿನ ಓಡುದಾರಿಯಿಂದ ತುಂಬಿದ ವಿಮಾನ ಮೇಲೇಳಬೇಕಾದಾಗ ಡಾರ್ಟ್ ಎಂಜಿನ್ನಿಗೆ ನೀರು-ಮೆಥನಾಲ್ ಮಿಶ್ರಣ ಕೊಟ್ಟು, ಬಿಸಿಲಿನಿಂದ ಕುಗ್ಗಿದ ಬಲವನ್ನು ಮತ್ತೆ ತುಂಬಿಕೊಡಲಾಗುತ್ತಿತ್ತು. ಇದು ಪಿಸ್ಟನ್ ಎಂಜಿನ್ನಲ್ಲ, ಟರ್ಬೊಪ್ರಾಪ್. ನಾಕಿಂಗ್ ಪ್ರಶ್ನೆ ಇಲ್ಲಿಲ್ಲ. ಆದರೆ ತತ್ವ ಅದೇ: ಬಿಸಿ ಗಾಳಿಯನ್ನು ತಣಿಸಿದರೆ ಕಳೆದುಹೋದ ಬಲ ಮರಳಿ ಬರುತ್ತದೆ.

ಮರೆವಿಗೆ ಬಿದ್ದ ಕಾರು

ಮಾರಾಟದ ಕಾರಿಗೆ ಈ ವ್ಯವಸ್ಥೆ ಬಂದದ್ದು 1962ರಲ್ಲಿ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿಯ ಜೆಟ್‌ಫೈರ್ ಕಾರಿನ 3.5 ಲೀಟರ್ ಎಂಜಿನ್ನಿಗೆ ಟರ್ಬೊ ಇತ್ತು, ಸಂಪೀಡನ ಅನುಪಾತವೂ 10.25ರಷ್ಟು ಎತ್ತರದ್ದು. ಎರಡೂ ಒಟ್ಟಿಗಿದ್ದರೆ ನಾಕಿಂಗ್ ಕಟ್ಟಿಟ್ಟ ಬುತ್ತಿ. ಅದಕ್ಕೆ ಪರಿಹಾರವಾಗಿ ಕಂಪನಿ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ದ್ರವವನ್ನು ಕೊಟ್ಟಿತು. ಹೆಸರಿನ ಆರ್ಭಟ ತೆಗೆದರೆ ಉಳಿಯುವುದು ಶುದ್ಧೀಕರಿಸಿದ ನೀರು, ಮೆಥನಾಲ್ ಮತ್ತು ಅಷ್ಟಿಷ್ಟು ತುಕ್ಕುನಿರೋಧಕ.

ಕಾರು ಚೆನ್ನಾಗಿಯೇ ಇತ್ತು. ಮಾಲೀಕರು ಮಾತ್ರ ವಿಮಾನದ ಸಿಬ್ಬಂದಿಯಾಗಿರಲಿಲ್ಲ. ಪೆಟ್ರೋಲ್ ಹಾಕಿಸುವುದು ನೆನಪಿರುತ್ತಿತ್ತು, ದ್ರವ ತುಂಬಿಸುವುದು ಮರೆತುಹೋಗುತ್ತಿತ್ತು. ತೊಟ್ಟಿ ಖಾಲಿಯಾದಾಗ ಎಂಜಿನ್ ಒಡೆಯದಿರಲೆಂದು ಟರ್ಬೊದ ಒತ್ತಡವನ್ನು ತಾನಾಗಿಯೇ ತಗ್ಗಿಸುವ ಕವಾಟವನ್ನು ಎಂಜಿನಿಯರುಗಳು ಇಟ್ಟಿದ್ದರು. ಆಗ ಕಾರಿಗೆ ಬಲವೇ ಇಲ್ಲವೆಂದು ಮಾಲೀಕರು ದೂರು ತಂದರು. ಎರಡು ವರ್ಷಗಳಲ್ಲಿ ಸುಮಾರು 9,600 ಕಾರುಗಳು ಮಾರಾಟವಾಗಿ ಜೆಟ್‌ಫೈರ್ ನಿಂತುಹೋಯಿತು. ಮುಂದೆ ಕಂಪನಿಯೇ ಟರ್ಬೊ ಕಳಚಿ, ಮಾಮೂಲಿ ಕಾರ್ಬುರೇಟರ್ ಕೂರಿಸಿಕೊಡಲು ಮುಂದಾಯಿತು. ರಸಾಯನಶಾಸ್ತ್ರ, ಭೌತಶಾಸ್ತ್ರಗಳು ಸರಿಯಿದ್ದವು. ಡಬ್ಬಿಯನ್ನು ಯಾರು ನೋಡಿಕೊಳ್ಳಬೇಕೆಂಬ ಲೆಕ್ಕ ತಪ್ಪಿತ್ತು.

ವಿಮಾನಯಾನದಲ್ಲೂ ಆ ಲೆಕ್ಕ ಒಮ್ಮೆ ತಪ್ಪಿತು, ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. 1971ರ ಸೆಪ್ಟೆಂಬರ್ 6ರಂದು ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಟ ಪ್ಯಾನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಜೆಟ್ ವಿಮಾನದಲ್ಲಿ, ಮೇಲೇರುವಾಗ ಎಂಜಿನ್ ತಣಿಸಲು ನೀರಿನ ತೊಟ್ಟಿ ಇತ್ತು. ಅದಕ್ಕೆ ತುಂಬಿದ ನೀರಿನ ಜೊತೆ ವಿಮಾನದ ಇಂಧನವೂ ಸೇರಿಹೋಗಿತ್ತು. ತಣಿಸಬೇಕಾದ ದ್ರವವೇ ಉರಿಯಿತು. ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಎರಡೂ ಎಂಜಿನ್ನುಗಳು ಕೈಕೊಟ್ಟವು. ಪೈಲಟ್ ವಿಮಾನವನ್ನು ಹೆದ್ದಾರಿಯ ಮೇಲೆ ಇಳಿಸಿದರೂ ಅದು ಸೇತುವೆಗೆ ಅಪ್ಪಳಿಸಿತು. ಒಳಗಿದ್ದ 121 ಮಂದಿಯಲ್ಲಿ 22 ಮಂದಿ ಸತ್ತರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ.

ಮಂಡ್ಯದ ಕಾಕಂಬಿ

ಮದ್ಯಸಾರ ಎಂಜಿನ್ನಿನೊಳಗೆ ಎರಡು ವೇಷದಲ್ಲಿ ಪ್ರವೇಶಿಸುತ್ತದೆ. ಇಷ್ಟು ಹೊತ್ತು ಹೇಳಿದ್ದು ತಣಿಸುವ ವೇಷ. ಇನ್ನೊಂದು, ಪೆಟ್ರೋಲಿನ ಬದಲಿಗೆ ಇಂಧನವಾಗಿ ಉರಿಯುವ ವೇಷ. ಕನ್ನಡ ನಾಡಿಗೆ ಹೆಚ್ಚು ಪರಿಚಯವಿರುವುದು ಈ ಎರಡನೆಯದು. ಕೃಷ್ಣರಾಜಸಾಗರದ ನಾಲೆಯ ನೀರು ಹರಿದ ಮೇಲೆ ಮಂಡ್ಯ ಸೀಮೆಯಲ್ಲಿ ಕಬ್ಬು ಹೆಚ್ಚಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಭಟ್ಟಿ ಇಳಿಸುವುದು ಸಹಜವಾದ ಮುಂದಿನ ಹೆಜ್ಜೆ. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿಸುವ ಪರಿಸ್ಥಿತಿ ಉಂಟಾದಾಗ, ಮಂಡ್ಯದ ‘ಪವರ್ ಆಲ್ಕೊಹಾಲ್’ ಮೋಟಾರುಗಳ ಹೊಟ್ಟೆ ಸೇರಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕೇಂದ್ರ ಸರ್ಕಾರ ಪವರ್ ಆಲ್ಕೊಹಾಲ್ ಕಾಯ್ದೆಯನ್ನು ತಂದಿತು. ಆದರೆ ಅಗ್ಗದ ಪೆಟ್ರೋಲ್ ಮರಳಿ ಬಂದಂತೆ ಆ ಉತ್ಸಾಹ ಆರಿತು.

ಅದು ಮತ್ತೆ ಚಿಗುರಿದ್ದು ನಮ್ಮ ಕಾಲದಲ್ಲಿ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದಲ್ಲಿ ನಡೆದ ಇಂಧನ ಸಪ್ತಾಹದಲ್ಲಿ. ಮಹಾಲಕ್ಷ್ಮಿ ಲೇಔಟ್‌ನಿಂದ ಯಶವಂತಪುರ, ಪೀಣ್ಯ ದಾಟಿದರೆ ಅದೇ ರಸ್ತೆಯಲ್ಲಿ ಸಿಗುವ ಜಾಗ ಅದು. ಇಂದು ಕಾರಿಗೆ ಪೆಟ್ರೋಲ್ ಹಾಕಿಸುವ ಪ್ರತಿಯೊಬ್ಬನೂ ತಿಳಿದೋ ತಿಳಿಯದೆಯೋ ಮದ್ಯಸಾರವನ್ನು ತುಂಬಿಸಿಕೊಳ್ಳುತ್ತಾನೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆಯಾದ್ದರಿಂದ ಮೈಲೇಜಿನ ಬಗ್ಗೆ ದೂರುಗಳಿವೆ. ನಾಕಿಂಗ್ ತಡೆಯುವ ಗುಣವಂತೂ ಪೆಟ್ರೋಲಿಗಿಂತ ಹೆಚ್ಚು. ಇಂಧನವಾಗಿ ಬೆರೆತ ಮದ್ಯಸಾರಕ್ಕೂ ತಣಿಸಲು ಚಿಮ್ಮಿಸುವ ಮದ್ಯಸಾರಕ್ಕೂ ಇರುವ ವ್ಯತ್ಯಾಸ ಇಷ್ಟು: ಮೊದಲನೆಯದನ್ನು ತೈಲ ಕಂಪನಿ ಅಳೆದು ಬೆರೆಸುತ್ತದೆ. ಎರಡನೆಯದರ ಅಳತೆ ಕಟ್ಟಿದವನ ತಲೆಯ ಮೇಲೆ.

ಮನೆಯಲ್ಲಿ ಕಟ್ಟುವವನ ಲೆಕ್ಕ

ಟರ್ಬೊ ಪೆಟ್ರೋಲ್ ಕಾರುಗಳು ಭಾರತದಲ್ಲಿ 2010ರ ದಶಕದಲ್ಲಿ ಹರಡಿದವು. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಂಥ ಕಾರುಗಳು ಪುಟ್ಟ ಎಂಜಿನ್ನಿನಿಂದ ದೊಡ್ಡ ಬಲ ಪಡೆಯುವ ರುಚಿ ಹತ್ತಿಸಿದವು. ಅಮೆರಿಕದಲ್ಲಿ 1986-87ರ ಬ್ಯುಯಿಕ್ ಗ್ರ್ಯಾಂಡ್ ನ್ಯಾಷನಲ್ ಕಾರಿನ ಅಭಿಮಾನಿಗಳು ಬಹಳ ಹಿಂದೆಯೇ ಮಾಡಿಕೊಂಡಿದ್ದ ಆಲ್ಕೊಹಾಲ್ ಇಂಜೆಕ್ಷನ್ನನ್ನು ಇಲ್ಲಿಯೂ ಕಟ್ಟಬಹುದಲ್ಲ ಎಂಬ ಆಸೆ ಮೂಡುವುದು ಸಹಜ. ಇಂಜೆಕ್ಷನ್ ಎಂಬ ಮಾತು ಬೆಂಗಳೂರಿಗೆ ಹೊಸದೂ ಅಲ್ಲ. 1951ರಲ್ಲಿ ಆರಂಭವಾದ ಮೈಕೊ ಕಂಪನಿ ಡೀಸೆಲ್ ಪಂಪು, ನಾಝಲ್‌ಗಳನ್ನು ಇಲ್ಲಿನ ಮನೆಮಾತಾಗಿಸಿತ್ತು. 2008ರಲ್ಲಿ ಅದು ಬಾಷ್ ಎಂಬ ತನ್ನ ಮಾತೃಸಂಸ್ಥೆಯ ಹೆಸರು ಪಡೆಯಿತು.

ಸಾಧನದ ಲೆಕ್ಕ ಹೀಗಿದೆ. 150 ಅಶ್ವಶಕ್ತಿಯ ಎಂಜಿನ್ನು ಪೂರ್ಣ ಬಲದಲ್ಲಿ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಚಿಮ್ಮಿಸುವ ದ್ರವ ಇಂಧನದ ಶೇಕಡಾ 10ರಿಂದ 20ರಷ್ಟು ಇರಬೇಕೆಂಬುದು ರೂಢಿಯ ಅಳತೆ. ಅಂದರೆ ನಿಮಿಷಕ್ಕೆ ಒಂದು ಸಣ್ಣ ಲೋಟದಷ್ಟು, 100 ಮಿಲಿಲೀಟರಿನ ಆಸುಪಾಸು. ಗಾಜು ತೊಳೆಯುವ ವೈಪರಿನ ಪಂಪು ಇದಕ್ಕೆ ಸಾಲದು. ಟರ್ಬೊ ಒತ್ತಿದ ಗಾಳಿಗೆ ಎದುರಾಗಿ ನೂಕುವಷ್ಟು ಬಲ ಅದಕ್ಕಿಲ್ಲ, ಹನಿಗಳೂ ದಪ್ಪ. ದಪ್ಪ ಹನಿ ಆವಿಯಾಗದೆ ಸಿಲಿಂಡರ್ ಸೇರಿದರೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾಗಿ ಪಂಕ್ತಿಭೇದವಾಗುತ್ತದೆ. ದ್ರವವನ್ನು ಮಂಜಿನಂತೆ ಒಡೆಯಲು ವಾತಾವರಣದ ಒತ್ತಡದ 7ರಿಂದ 10ರಷ್ಟು ಬೇಕು. ಮನೆಯ ಆರ್‌ಒ ನೀರಿನ ಯಂತ್ರದೊಳಗೆ ಗುರುಗುಡುವ ಡಯಾಫ್ರಾಂ ಪಂಪಿನ ಜಾತಿಯದೇ ಇದಕ್ಕೂ ತಕ್ಕದ್ದು. ಆದರೆ ನೀರಿಗೆಂದು ಮಾಡಿದ ರಬ್ಬರನ್ನು ಮದ್ಯಸಾರ ತಿನ್ನುತ್ತದೆ, ಆದ್ದರಿಂದ ಅದನ್ನು ತಾಳುವ ಪಂಪು, ಕೊಳವೆಗಳೇ ಆಗಬೇಕು. ನಾಝಲ್ಲಿನ ಜಾಗ ಇಂಟರ್‌ಕೂಲರ್ ದಾಟಿದ ಮೇಲೆ. ಟರ್ಬೊ ಒತ್ತಡ ನಿಗದಿತ ಮಟ್ಟ ಮುಟ್ಟಿದಾಗ ಒತ್ತಡದ ಸ್ವಿಚ್ಚು ಪಂಪಿಗೆ ಚಾಲನೆ ಕೊಡುತ್ತದೆ.

ಇಷ್ಟನ್ನು ಜಾಣನೊಬ್ಬ ಒಂದೆರಡು ಭಾನುವಾರಗಳಲ್ಲಿ ಜೋಡಿಸಬಲ್ಲ. ಕಷ್ಟದ ಭಾಗ ಆಮೇಲಿನದು. ನಿಧಾನವಾಗಿ ಓಡುವಾಗ ಎಂಜಿನ್ನಿನ ಗಾಳಿಕೊಳವೆಯಲ್ಲಿ ನಿರ್ವಾತ ಉಂಟಾಗುತ್ತದೆ. ತಡೆಯುವ ಕವಾಟ ಇಲ್ಲದಿದ್ದರೆ ಅದು ಡಬ್ಬಿಯ ದ್ರವವನ್ನು ಹೀರಿಕೊಳ್ಳುತ್ತದೆ. ದ್ರವ ಸಿಲಿಂಡರಿನಲ್ಲಿ ನಿಂತರೆ, ಗಾಳಿಯಂತೆ ಅದನ್ನು ಒತ್ತಲಾಗದೆ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇನ್ನು ದ್ರವವನ್ನು ನಂಬಿ ಟರ್ಬೊದ ಒತ್ತಡ ಹೆಚ್ಚಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ನಾಝಲ್ಲಿನ ರಂಧ್ರಕ್ಕೆ ಒಂದು ಕಣ ಧೂಳು ಸಿಕ್ಕಿಕೊಂಡರೆ, ಫ್ಯೂಸು ಸುಟ್ಟರೆ, ಎಲ್ಲಕ್ಕಿಂತ ಹೆಚ್ಚಾಗಿ ಡಬ್ಬಿ ಖಾಲಿಯಾದರೆ, ತಂಪು ತಟ್ಟನೆ ನಿಲ್ಲುತ್ತದೆ, ಒತ್ತಡ ಮಾತ್ರ ಉಳಿಯುತ್ತದೆ. ಆದ್ದರಿಂದ ಮಟ್ಟ ಸೂಚಿಸುವ ದೀಪ, ಹರಿವು ನಿಂತರೆ ಒತ್ತಡವನ್ನು ತಾನಾಗಿ ಇಳಿಸುವ ಏರ್ಪಾಡು, ಇವೆರಡಿಲ್ಲದ ಸಾಧನವನ್ನು ಪೂರ್ಣವಾಯಿತೆಂದು ಹೇಳುವಂತಿಲ್ಲ. ಮನೆಯಲ್ಲಿ ಕಟ್ಟಿದವರು ಬಹಳ ಸಲ ಕೊನೆಗೆ ಬಿಡುವುದೂ ಇವನ್ನೇ. ಬಲ ಹೆಚ್ಚಿದ್ದು ಕಣ್ಣಿಗೆ ಕಾಣುತ್ತದೆ, ರಕ್ಷಣೆ ಕಾಣುವುದಿಲ್ಲ.

ಎರಡು ಬಗೆಯ ಬೆಂಕಿ

ಡಬ್ಬಿಯಲ್ಲಿರುವ ದ್ರವ ಯಾವುದು ಎಂಬ ಪ್ರಶ್ನೆಯೂ ಇದೆ. ಮೆಥನಾಲ್ ನೋಡಲು ನೀರಿನಂತೆ, ವಾಸನೆಯಲ್ಲಿ ಸಾರಾಯಿಯ ಹತ್ತಿರದ್ದು. 10 ಮಿಲಿಲೀಟರಿನಷ್ಟು ಒಳಗೆ ಹೋದರೂ ಕಣ್ಣು ಹೋಗಬಹುದು. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಬೆಂಗಳೂರು ಇದನ್ನು ಕೇಳಿ ತಿಳಿಯಬೇಕಾಗಿಲ್ಲ. 1981ರ ಜುಲೈನಲ್ಲಿ ಮೆಥನಾಲ್ ಬೆರೆತ ಅಗ್ಗದ ಮದ್ಯ ಕುಡಿದು ಈ ನಗರದಲ್ಲಿ 300ಕ್ಕೂ ಹೆಚ್ಚು ಬಡವರು ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಗಡಿಭಾಗದಲ್ಲಿ ಅಂಥದೇ ದುರಂತ ಮರುಕಳಿಸಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮೆಥನಾಲಿನ ಮಾರಾಟ, ದಾಸ್ತಾನಿಗೆ ಪರವಾನಗಿಯ ಕಟ್ಟುಪಾಡುಗಳಿರುವುದು ಇಂಥ ಸಾವುಗಳ ಕಾರಣಕ್ಕೇ. ಅದನ್ನು ಹಳೆಯ ನೀರಿನ ಬಾಟಲಿಗೆ ಸುರಿದು ಮನೆಯ ಮೂಲೆಯಲ್ಲಿಡುವುದು ಎಂಜಿನ್ನಿಗಿಂತ ಮೊದಲು ಮನೆಮಂದಿಗೆ ಅಪಾಯ.

ಅದರ ಬೆಂಕಿಯೂ ಕಪಟದ್ದು. ಹಗಲಿನಲ್ಲಿ ಮೆಥನಾಲ್ ಉರಿಯುವುದು ಕಣ್ಣಿಗೆ ಬೀಳುವುದೇ ಇಲ್ಲ. ಅದೇ 1981ರ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ಓಟದಲ್ಲಿ, ಇಂಧನ ತುಂಬಿಸುವಾಗ ಚೆಲ್ಲಿದ ಮೆಥನಾಲ್ ಹೊತ್ತಿಕೊಂಡು ಚಾಲಕ ರಿಕ್ ಮಿಯರ್ಸ್ ಉರಿಯತೊಡಗಿದ. ಜ್ವಾಲೆಯೇ ಕಾಣದ್ದರಿಂದ ಏನಾಗುತ್ತಿದೆಯೆಂದು ಸುತ್ತ ನಿಂತವರಿಗೆ ಒಡನೆ ತಿಳಿಯಲಿಲ್ಲ. ಅವನ ಮುಖ ಸುಟ್ಟಿತು. ಅರ್ಧದಷ್ಟು ನೀರು ಬೆರೆಸಿದರೆ ಹೊತ್ತಿಕೊಳ್ಳುವ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ನೀರು ಮಾತ್ರ ಬಳಸಿದರೆ ಬಲ ಸ್ವಲ್ಪ ಕಡಿಮೆ, ಭಯ ಬಹಳ ಕಡಿಮೆ. ನೀರೂ ನಲ್ಲಿಯದಾಗಬಾರದು. ಅದರ ಸುಣ್ಣದಂಶ ನಾಝಲ್ಲನ್ನು ಕಟ್ಟಿಹಾಕುತ್ತದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಆದ್ದರಿಂದ ಇಂಥ ಕಾರಿನ ನಿಜವಾದ ಜಾಗ ಊರಿನ ರಸ್ತೆಯಲ್ಲ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಂಥ ರೇಸ್ ಅಂಗಳ.

ಕಾರ್ಖಾನೆಗಳು ಈ ಹಳೆಯ ಹಂಚಿಕೆಯನ್ನು ಮರೆತಿಲ್ಲ. 1980ರ ದಶಕದ ಆರಂಭದಲ್ಲಿ ಫಾರ್ಮುಲಾ ಒನ್‌ನ ರೆನೊ ಮತ್ತು ಫೆರಾರಿ ತಂಡಗಳು ತಮ್ಮ ಟರ್ಬೊ ಎಂಜಿನ್ನುಗಳಿಗೆ ನೀರುಣಿಸಿದವು. 2015ರಲ್ಲಿ ಪ್ರಕಟವಾದ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರು ಬಾಷ್ ಸಹಯೋಗದ ನೀರಿನ ಇಂಜೆಕ್ಷನ್ನಿನಿಂದ 500 ಅಶ್ವಶಕ್ತಿ ಪಡೆಯಿತು. ಅದರ ಡಿಕ್ಕಿಯಲ್ಲಿದ್ದ 5 ಲೀಟರಿನ ತೊಟ್ಟಿಯಲ್ಲಿ ಮದ್ಯಸಾರವಿರಲಿಲ್ಲ, ಬರೀ ಶುದ್ಧೀಕರಿಸಿದ ನೀರು. ನೀರು ಮುಗಿದರೆ ಎಂಜಿನ್ನಿನ ಗಣಕ ತಾನೇ ಬಲ ತಗ್ಗಿಸುತ್ತಿತ್ತು. ಜೆಟ್‌ಫೈರಿನ ಕವಾಟ ಮಾಡಿದ್ದೂ ಅದನ್ನೇ. ಅಂದು ದೂರಾಗಿ ಕೇಳಿಸಿದ್ದು ಇಂದು ಜಾಣತನವಾಗಿ ಒಪ್ಪಿಗೆಯಾಗಿದೆ. ಮನೆಯಲ್ಲಿ ಕಟ್ಟಲು ಹೊರಟವನಿಗೆ ಈ ದೀರ್ಘ ಚರಿತ್ರೆ ಕೊಡುವ ಬುದ್ಧಿಮಾತು ಸರಳವಾಗಿದೆ. ನಾಝಲ್ ಎಷ್ಟು ಸೂಕ್ಷ್ಮ, ಪಂಪು ಎಷ್ಟು ಬಲಶಾಲಿ ಎಂದು ಲೆಕ್ಕ ಹಾಕುವ ಮೊದಲು, ಡಬ್ಬಿ ಖಾಲಿಯಾದ ಆ ಒಂದು ಕ್ಷಣಕ್ಕೆ ಏನು ಏರ್ಪಾಡು ಮಾಡಿದ್ದೇನೆಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕ ಮೇಲೆ ಸ್ಪ್ಯಾನರ್ ಕೈಗೆತ್ತಿಕೊಂಡರೂ ತಡವೇನಾಗುವುದಿಲ್ಲ.